ಬಟಾಣಿ ಕಾಳಿನಷ್ಟು

ಮೃದಂಗ ರಿಪೇರಿಯ ರಸೀದಿ ಹಿಂದೆ ಪಟ್ಟಿ ಬರೆದಿದ್ದೆವು,
ಅರ್ಧ ನನ್ನ ಅಕ್ಷರ, ಅರ್ಧ ಮುರಾರಿಯದು.
ಅವನ ಅಕ್ಷರ ದೊಡ್ಡದು.

ಬಳೇಪೇಟೆಯ ನಮ್ಮಂಗಡಿಯಿಂದ ಎಸ್.ಪಿ. ರೋಡಿಗೆ ಕಾಲು ಗಂಟೆ,
ತಳ್ಳುಗಾಡಿ ಅಡ್ಡ ನಿಂತರೆ ಅರ್ಧ.
ಅಷ್ಟರೊಳಗೆ ಮೂರು ಜಗಳ:
ಗ್ರಾಫಿಕ್ಸ್ ಕಾರ್ಡಿಗೇ ಮೂವತ್ತು ಸಾವಿರ ಅಂದರೆ
ನನ್ನ ಆಡಿಯೋ ಇಂಟರ್‌ಫೇಸು ಏನು, ಕೊಸರಾ?

"ಅಕ್ಕಾ, ಆಟದಲ್ಲಿ ಮಳೆ ಬಂದು ನಿಂತರೆ
ರಸ್ತೆಯಲ್ಲಿ ಅಂಗಡಿ ದೀಪ ಕಾಣಬೇಕು, ಕರಗಿದ ಹಾಗೆ.
ಈ ಕಾರ್ಡಿಲ್ಲದಿದ್ದರೆ ಬರೀ ಬೂದಿ ಬಣ್ಣ."
ಚಿಕ್ಕಪೇಟೆಯ ಗುಂಡಿಯಲ್ಲಿ ನಿನ್ನೆಯ ಮಳೆ,
ಅದರೊಳಗೆ ಸೀರೆ ಅಂಗಡಿಯ ಕೆಂಪು ದೀಪ.
ಮಾತಾಡುತ್ತಲೇ ಅದನ್ನು ದಾಟಿಕೊಂಡು ಹೋದ.

ನೂರುಲ್ಲಾ ಭಾಯ್ ಅಂಗಡಿ ಒಂದು ಮೆಟ್ಟಿಲ ಕೆಳಗೆ;
ಒಬ್ಬರು ಒಳಗೆ ಹೋದರೆ ಇನ್ನೊಬ್ಬರು ಹೊರಗೆ ನಿಲ್ಲಬೇಕು.
ಪಟ್ಟಿ ನೋಡಿ ಕನ್ನಡಕ ಹಣೆಗೇರಿಸಿದರು:
"ಆಟಕ್ಕಾ, ಹಾಡಿಗಾ? ಒಂದು ಹೇಳಿ."
ಎರಡಕ್ಕೂ ಅಂದೆವು, ಆ ದಿನ ಮೊದಲ ಸಲ ಒಟ್ಟಿಗೆ.
"ಒಂದೇ ಕುಕ್ಕರಲ್ಲಿ ಪಾಯಸ, ಬಿರಿಯಾನಿ.
ಆಗತ್ತೆ. ಮಧ್ಯೆ ತೊಳೆಯೋರು ಯಾರು?"

ನನ್ನದು ಹೀಗೆ: ರಿಪೇರಿಗೆ ಬಂದ ಪ್ರತಿ ಮೃದಂಗವನ್ನೂ
ವಾಪಸು ಕೊಡುವ ಮುಂಚೆ ಒಂದು ಸಲ 'ನಂ', ಒಂದು ಸಲ 'ಧೀಂ'
ಮೈಕಿನಲ್ಲಿ ಹಿಡಿದಿಟ್ಟುಕೊಳ್ಳುತ್ತೇನೆ.
ಯಾರದೋ ಮನೆಯ ಇನ್ನೂರ ಹದಿನಾಲ್ಕು ಮೃದಂಗ
ನನ್ನ ಹಳೇ ಲ್ಯಾಪ್‌ಟಾಪಿನಲ್ಲಿವೆ.
ಇಪ್ಪತ್ತನ್ನು ಒಟ್ಟಿಗೆ ತೆರೆದರೆ ಅದಕ್ಕೆ ಏದುಸಿರು.
ಹದಿನಾರು ಜಿಬಿ ಸಾಕು ಅಂದ ಮುರಾರಿ.
ಮೂವತ್ತೆರಡು ಅಂದೆ, ರೇಟು ಕೇಳುವ ಮೊದಲೇ.

ಫ್ಯಾನಿನ ಮಾತು ಬಂತು.
ಅವನ ಕಾರ್ಡು ಕಾದರೆ ಫ್ಯಾನು ಕೂಗುತ್ತದೆ,
ಫ್ಯಾನು ಕೂಗಿದರೆ ನನ್ನ 'ಧೀಂ' ಬಾಲ ಕಳೆದುಕೊಳ್ಳುತ್ತದೆ.
ಭಾಯ್ ಒಂದೊಂದನ್ನೇ ತಿರುಗಿಸಿ ತೋರಿಸಿದರು.
ಹೊರಗೆ ಆಟೋ, ರಿವರ್ಸ್ ಬರುವ ಟೆಂಪೋ,
ಚಾರ್ಜರ್ ನೂರು ಚಾರ್ಜರ್ ನೂರು ಅನ್ನುವ ಹುಡುಗ.
ಇಲ್ಲಿ ಯಾವುದರ ಸದ್ದಿಲ್ಲ ಅಂತ ಹೇಗೆ ಕೇಳಲಿ?
ಕೊನೆಗೆ ಫ್ಯಾನಿನ ಚೌಕಟ್ಟನ್ನೇ ದವಡೆಗೆ ಒತ್ತಿ ಹಿಡಿದೆ,
ಅಪ್ಪ ಶ್ರುತಿಕವಲನ್ನು ಹಲ್ಲಿಗೆ ಹಿಡಿಯುವ ಹಾಗೆ.
ಮೊದಲನೆಯದು ಸೊಳ್ಳೆ. ಎರಡನೆಯದು ಮಿಕ್ಸಿ.
ಮೂರನೆಯದು, ಕಂದು ಬಣ್ಣದ್ದು, ಬೆಲ್ಲದಚ್ಚಿನಂಥ ಕುರೂಪಿ,
ಮೂಳೆಗೆ ಏನನ್ನೂ ಹೇಳಲಿಲ್ಲ.
ಮುರಾರಿಗೆ ಏಳು ಬಣ್ಣ ಮಿನುಗುವ ಫ್ಯಾನು ಬೇಕಿತ್ತು.
"ಗಣೇಶನ ಪೆಂಡಾಲಾ ಇದು?" ಅಂದೆ. "ಹೂಂ" ಅಂದ.

ದುಡ್ಡೆಣಿಸಿದಾಗ ನಾಲ್ಕು ಸಾವಿರದ ಇನ್ನೂರು ಕಡಿಮೆ.
ಯಾರೂ ಮಾತಾಡಲಿಲ್ಲ.
ಅವನೇ ಪೆನ್ನು ತಗೊಂಡ.
'ಗಾಜಿನ ಕ್ಯಾಬಿನೆಟ್' ಅನ್ನುವುದರ ಮೇಲೆ ಗೆರೆ ಎಳೆದು
ಪಕ್ಕದಲ್ಲಿ 'ತಗಡಿಂದು' ಅಂತ ಬರೆದ.
ರಸೀದಿ ಅಲ್ಲಿ ಸ್ವಲ್ಪ ಹರಿದಿತ್ತು.

ರಾತ್ರಿ ಷಟರ್ ಎಳೆದು, ಚರ್ಮದ ಚೂರು ಗುಡಿಸಿ,
ಅಪ್ಪ ಕೂರುವ ಚಾಪೆಯ ಮೇಲೇ ಎಲ್ಲ ಬಿಚ್ಚಿದೆವು.
ಪ್ರೊಸೆಸರಿನ ನೆತ್ತಿಗೆ ಬೂದುಬಣ್ಣದ ಪೇಸ್ಟು,
ಬಟಾಣಿ ಕಾಳಿನಷ್ಟು ಅಂದಿದ್ದರು ಭಾಯ್.
ಅಪ್ಪ ಬಗ್ಗಿ ನೋಡಿದ: "ಕರಣೆಯಾ? ಕೊಡಿಲ್ಲಿ.
ನಲವತ್ತು ವರ್ಷದಿಂದ ಇದೇ ಕೆಲಸ ನಂದು."
ಹಾಕಿದ, ಅವರೇಕಾಯಿ ಗಾತ್ರ.
ಒರೆಸಿದೆವು. ಮತ್ತೆ ಹಾಕಿದೆವು.
ಅಪ್ಪನ ಬೆರಳಿಗಂಟಿದ್ದು ಮೂರು ದಿನ ಹೋಗಲಿಲ್ಲ.

ಸ್ವಿಚ್ಚು ಒತ್ತಿದರೆ ಸದ್ದೇ ಇಲ್ಲ.
"ಹೋಯ್ತು, ಎಂಬತ್ತೆಂಟು ಸಾವಿರ" ಅಂದೆ.
ಅಪ್ಪ ಪೆಟ್ಟಿಗೆಯ ಹಿಂದೆ ಅಂಗೈ ಹಿಡಿದು
"ಗಾಳಿ ಬರ್ತಿದೆಯಲ್ಲೇ" ಅಂದ.

ಚೀಟಿ ಎತ್ತಿದಾಗ ಮೊದಲ ಸರದಿ ಮುರಾರಿಗೇ ಬಂತು.
ಪರದೆಯಲ್ಲಿ ಯಾವುದೋ ಊರು, ಒದ್ದೆ ರಸ್ತೆ,
ದೀಪಗಳು, ನಿಜ, ಕರಗಿದ ಹಾಗೇ.
ಆಮೇಲೆ ಗುಡುಗಿತು.
ಗೋಡೆಗೆ ನೇತುಹಾಕಿದ ಹನ್ನೊಂದು ಮೃದಂಗದಲ್ಲಿ
ಒಂದು, ಒಂದೇ ಒಂದು, ಸಣ್ಣಗೆ ಓಗೊಟ್ಟಿತು.
ಯಾವುದದು?
ಮೈಕು ಹಿಡಿದು ಎದ್ದೆ:
"ಮುರಾರಿ, ಇನ್ನೊಂದು ಸಲ ಗುಡುಗಿಸೋ."